ಸಿಹಿನೀರು ಬಂದ ವರ್ಷ

ಸವಳು ನೀರಿನಲ್ಲಿ ಕುದಿದ ಚಹಾಕ್ಕೆ ಒಂದು ವಾಸನೆ ಇರುತ್ತದೆ. ರೂಢಿಯಿಲ್ಲದವರು ಹಾಲು ಕೆಟ್ಟಿದೆ ಎಂದುಕೊಳ್ಳುತ್ತಾರೆ. ರೂಢಿಯಿದ್ದವರಿಗೆ ಅದು ಕಾದ ಇಟ್ಟಂಗಿಯ ಮೇಲೆ ನೀರು ಚೆಲ್ಲಿದಾಗ ಏಳುವ ಹಬೆಯ ಹಾಗೆ, ಸಕ್ಕರೆ ಏಲಕ್ಕಿಗಳ ಹಿಂದಿನಿಂದ ಮೆಲ್ಲಗೆ ಬಂದು ಮೂಗು ಮುಟ್ಟುತ್ತದೆ. ಕಳೆದ ಬೇಸಿಗೆ ಯಾದಗಿರಿಯಲ್ಲಿ ಬೀಗರ ಮನೆಗೆ ಹೋಗಿದ್ದೆ. ಅವತ್ತು ನಳ ಬಂದಿರಲಿಲ್ಲ. ಹಿತ್ತಲಿನ ಹಳೆಯ ಬೋರಿನ ನೀರಿನಲ್ಲಿ ಚಹಾ ಮಾಡಿ ತಂದ ಬೀಗತಿ, “ಇವತ್ತೊಂದಿನ ಸುಧಾರಿಸ್ಕೋರಿ, ನೀರು ಸವಳ ಅವ” ಎಂದು ನಾಚಿಕೊಂಡರು. ಕಪ್ಪಿನಿಂದ ಬಸಿಗೆ ಸುರುವಿಕೊಂಡು ಬಾಯಿಯ ಹತ್ತಿರ ತಂದ ನಾನು ಹಾಗೇ ಕುಳಿತುಬಿಟ್ಟೆ. ಕುಡಿದು ಮುಗಿಸಿ ಇನ್ನೊಂದು ಕಪ್ಪು ಕೇಳಿದಾಗ, ನಾನು ಚೇಷ್ಟೆ ಮಾಡುತ್ತಿದ್ದೇನೆಂದೇ ಅವರು ತಿಳಿದರು.

ಚೇಷ್ಟೆಯಲ್ಲ. ಒಂದು ಕಾಲಕ್ಕೆ ಆ ವಾಸನೆಯೇ ನನ್ನ ವ್ಯಾಪಾರವಾಗಿತ್ತು. ಅದು ನನಗೆ ಗೊತ್ತಾದದ್ದು ಮಾತ್ರ ವ್ಯಾಪಾರ ಕೈಬಿಡುವ ವರ್ಷ.

ಈಗ ಶಹಾಪುರದಲ್ಲಿ ನನ್ನದು ಮೋಟಾರು, ಪೈಪುಗಳ ಅಂಗಡಿ. ಹೊಸದಾಗಿ ಅಂಗಡಿ ಇಡುವ ಹುಡುಗರು ಬಂದು ಎದುರಿಗೆ ಕೂಡುತ್ತಾರೆ. “ಕಾಕಾ, ಮಂದಿ ನಮ್ಮ ಹೆಸರು ನೆನಪಿಡಬೇಕಂದ್ರ ಏನ್ ಮಾಡ್ಬೇಕ್ರಿ?” ಎಂದು ಕೇಳುತ್ತಾರೆ. ಕೇಳದಿದ್ದರೂ ನಾನು ಹೇಳುವವನೇ. ಬೋರ್ಡು ದೊಡ್ಡದು ಮಾಡು, ಆದರೆ ಅದರ ಕೆಳಗೆ ನಿಲ್ಲುವ ಗಿರಾಕಿಯನ್ನು ಸಣ್ಣವನನ್ನಾಗಿ ಮಾಡಬೇಡ. ಚೌಕಾಸಿಗೆ ಬಂದವನನ್ನು ಮೊದಲು ಕೂಡ್ರಿಸು, ಕೂತವನು ನಿಂತವನಷ್ಟು ಎಳೆದಾಡುವುದಿಲ್ಲ. ಸಣ್ಣ ವ್ಯಾಪಾರಿಗೆ ಮಾಲು ಕೊಡುವವನಾಗಿದ್ದರೆ ಅವನಿಗೆ ಮಾಲು ಮಾರಬೇಡ, ಅವನ ಗಿರಾಕಿ ಅವನನ್ನು ಹೊಗಳುವ ಹಾಗೆ ಮಾಡು, ಮಾಲು ತಾನೇ ಹೋಗುತ್ತದೆ. ಇಷ್ಟೆಲ್ಲ ಹೇಳುತ್ತೇನೆ. ಇದರ ಮುಂದಿನದನ್ನು ಯಾರಿಗೂ ಹೇಳಿಲ್ಲ. ಹೇಳಿದರೆ ಯಾರೂ ಅಂಗಡಿ ಇಡಲಿಕ್ಕಿಲ್ಲ.

ಕೈಯಲ್ಲಿ ಏನೂ ಇಲ್ಲದೆ ನಾನು ಶುರುಮಾಡಿದ್ದು ಸುರಪುರದ ರಂಗಂಪೇಟೆಯ ಒಂದು ಬಾಡಿಗೆ ಪಡಸಾಲೆಯಲ್ಲಿ, ಚಹಾಪುಡಿಯಿಂದ. ಹೈದರಾಬಾದಿನಿಂದ ಚೀಲಗಳಲ್ಲಿ ಪುಡಿ ಬರುತ್ತಿತ್ತು. ಬಣ್ಣ ಬಿಡುವುದೊಂದು, ಘಮ ಕೊಡುವುದೊಂದು, ತೂಕ ತುಂಬುವ ಅಗ್ಗದ ಧೂಳು ಇನ್ನೊಂದು. ಇವನ್ನು ಹದವಾಗಿ ಬೆರೆಸಿ ಹಳದಿ ಕಾಗದದ ಪೊಟ್ಟಣ ಕಟ್ಟಿ ಮಾರುತ್ತಿದ್ದೆ. ಪೊಟ್ಟಣದ ಮೇಲೆ ಗೂಡಿಗೆ ಜೋತುಬಿದ್ದ ಹಕ್ಕಿಯ ಚಿತ್ರ. ಗೀಜಗ ಛಾಪ್ ಚಹಾ. ನಮ್ಮ ಕಡೆ ಬಾವಿ ಇದ್ದಲ್ಲೆಲ್ಲ ಮೇಲೊಂದು ಜಾಲಿ ಮರ, ಮರದ ತುಂಬ ಗೀಜಗನ ಗೂಡು. ಓದು ಬಾರದವರೂ ಚಿತ್ರ ನೋಡಿ, “ಆ ಗೂಡಿಂದು ಕೊಡ್ರಿ” ಎಂದು ಕೇಳುತ್ತಿದ್ದರು. ಬೆರೆಸುವುದು ಖಾಸಿಂ ಕಾಕಾನ ಕೆಲಸ. ವಯಸ್ಸಿನಲ್ಲಿ ನನಗಿಂತ ಬಹಳ ದೊಡ್ಡವರು, ವ್ಯಾಪಾರದಲ್ಲಿ ಪಾಲುದಾರರು. ಹುಟ್ಟಿದಾಗಿನಿಂದ ಸುರಪುರದ ಬಾವಿಗಳ ನೀರೇ ಕುಡಿದವರು, ಊರು ಬಿಟ್ಟು ಹೋದವರಲ್ಲ. ಒಂದು ಗುಟುಕು ನಾಲಿಗೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿ, “ಹೌ” ಎಂದರೆ ಪುಡಿ ಪಾಸು. “ನಕ್ಕೋ” ಎಂದರೆ ಮತ್ತೆ ಬೆರೆಸಬೇಕು.

ನಾನು ಪುಡಿಯನ್ನು ಮನೆಗಳಿಗೆ ಮಾರಲಿಲ್ಲ. ನನ್ನ ಕಣ್ಣು ಹೋಟೆಲುಗಳ ಮೇಲೆ. ಹೋಟೆಲು ಎಂದರೆ ಎಂಥವು, ನಾಲ್ಕು ಗಳ, ಮೇಲೆ ತಗಡು, ಒಂದು ಒಲೆ, ಕೂಡಲು ಒಂದು ಹಲಗೆ. ಅಂಥ ಹೋಟೆಲು ಇಟ್ಟವನನ್ನು ಯಾರೂ ವ್ಯಾಪಾರಿ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಲ್ಲೇ ನನಗೆ ದಾರಿ ಕಂಡಿತು. ಗೋಡೆಯ ಮೇಲೆ ಅವನ ಹೆಸರು ದೊಡ್ಡದಾಗಿ ಬರೆಸಿ, ಮೂಲೆಯಲ್ಲಿ ನನ್ನ ಹಕ್ಕಿಯನ್ನು ಸಣ್ಣದಾಗಿ ಕೂಡ್ರಿಸುತ್ತಿದ್ದೆ. ಹೋಟೆಲು ತೆರೆಯುವ ದಿನ ಬೆಳಗಾಗುವ ಮುಂಚೆ ಹೋಗಿ ಮೊದಲ ಚಹಾ ನನ್ನ ಕೈಯಾರೆ ಕಾಸುತ್ತಿದ್ದೆ. ಮೊದಲ ಕಪ್ಪು ದೇವರಿಗಲ್ಲ, ಊರ ಹಿರಿಯರಿಗೂ ಅಲ್ಲ. ಆ ಹೋಟೆಲಿನವನನ್ನು ಅವನದೇ ಹಲಗೆಯ ಮೇಲೆ ಕೂಡ್ರಿಸಿ, ಅವನ ಕೈಗೆ ಕೊಡುತ್ತಿದ್ದೆ. ಮುಂದೆ ಜೀವನವಿಡೀ ನಿಂತು ಮಂದಿಗೆ ಕೊಡುವವನು ಒಂದು ಸಲ ಕೂತು ಇಸಗೊಳ್ಳಲಿ ಎಂದು. ಹಾಗೆ ಕೂತು ಕುಡಿದವನು ಬೇರೆಯವರ ಪುಡಿ ಮುಟ್ಟುತ್ತಿರಲಿಲ್ಲ. ಖಾಸಿಂ ಕಾಕಾ, “ನೀ ಚಾಪುಡಿ ಮಾರಂಗಿಲ್ಲ ಶರಣೂ, ಮಂದೀನ ಕಣ್ಣಾಗ ನೀರು ತರಿಸಿ ಅದರಾಗ ಚಾ ಕಾಸ್ತಿ” ಎಂದು ನಗುತ್ತಿದ್ದರು.

ನೀಲಮ್ಮನನ್ನು ಹಾಗೆ ಎರಡು ಸಲ ಕೂಡ್ರಿಸಿದೆ. ಮೊದಲು ಸುರಪುರದ ತಾಲೂಕು ಕಚೇರಿಯ ಬೇವಿನ ಮರದ ಕೆಳಗೆ. ಗಂಡ ದುಡಿಯಲು ಮುಂಬೈಗೆ ಹೋದವನು ಹಿಂದಿರುಗಲಿಲ್ಲ. ಕಡೇಚೂರಿನಲ್ಲಿ ಅಣ್ಣನ ಮನೆ ಇತ್ತು. ಅಲ್ಲಿ ಅತ್ತಿಗೆಯ ಕೈಕೆಳಗೆ ಒಂದು ವರ್ಷ ಇದ್ದು, ಅದು ಬೇಡವೆಂದು ಬಂದು ಮರದ ಕೆಳಗೆ ಒಲೆ ಹೂಡಿದ್ದಳು. ಕಚೇರಿಗೆ ಬಂದ ರೈತರು, ಗುಮಾಸ್ತರು ಆಕೆಯ ಮಿರ್ಚಿ ಭಜಿಗೆ, ನನ್ನ ಚಹಾಕ್ಕೆ ಕಾಯುತ್ತ ನಿಲ್ಲುತ್ತಿದ್ದರು. ಅಣ್ಣ ಆಗಾಗ ಬಂದು, “ಹೆಣ್ಮಗಳು ಒಬ್ಬಾಕಿ ರಸ್ತೆ ಮ್ಯಾಲ ಕುಂತೀದಿ, ನಮ್ಮ ಮಾರಿ ಮ್ಯಾಲ ಮಂದಿ ಉಗುಳ್ತಾರ” ಎಂದು ಹೇಳಿ, ಭಜಿ ತಿಂದು ಹೋಗುತ್ತಿದ್ದ.

ಅಷ್ಟೊತ್ತಿಗೆ ಹೊಳೆಯ ನೀರನ್ನು ನಮ್ಮ ಹೊಲಗಳಿಗೆ ತರುವ ದೊಡ್ಡ ಕಾಲುವೆಯ ಕೆಲಸ ಶಹಾಪುರ ರಸ್ತೆಗೆ ಬಂದು ಮುಟ್ಟಿತ್ತು. ರಸ್ತೆ ಕಾಲುವೆಯನ್ನು ದಾಟುವಲ್ಲಿ ದೊಡ್ಡ ಕ್ಯಾಂಪು. ಮಣ್ಣು ಅಗೆಯುವವರು ಗಡಿಯಾಚೆಯ ಪಾಲಮೂರು ಕಡೆಯವರು, ಕಲ್ಲು ಕಟ್ಟುವವರು ಇನ್ನೆಲ್ಲಿಯವರೋ, ಲಾರಿ, ಜೀಪು, ಇಡೀ ದಿನ ಎರೆಮಣ್ಣಿನ ಧೂಳು. ಅಷ್ಟು ಜನಕ್ಕೆ ಒಂದು ನೆಟ್ಟಗಿನ ಹೋಟೆಲು ಇರಲಿಲ್ಲ. ನಾನು ನೀಲಮ್ಮನಿಗೆ ಹೇಳಿದೆ.

“ಮರದ ಕೆಳಗ ಎಷ್ಟ್ ವರ್ಷ ಕುಂದ್ರತೀ? ಕ್ಯಾಂಪಿಗಿ ನಡಿ. ಇವತ್ತು ಕೂಲಿ ಮಂದಿ ಇರ್ತಾರ. ನಾಳಿ ನೀರು ಬಂದ್ರ ಅದೇ ಜಾಗ ಭತ್ತದ ಲಾರಿ ನಿಂದ್ರೂ ಜಾಗ ಆಗ್ತದ. ಮೊದಲ ಹೋದಾಕಿ ನೀ ಆಗ್ತಿ.”

“ಈ ಜಾಗ ಬಿಟ್ರ ಮತ್ತ ಸಿಗಂಗಿಲ್ರಿ ಅಣ್ಣಾರ.”

“ಮತ್ತ ಯಾಕ ಬೇಕು?”

“ಅಲ್ಲಿ ನಡೀಲಿಲ್ಲಂದ್ರ ನನಗ ಕಡೇಚೂರು ಒಂದೇ ಉಳೀತದ. ಅಷ್ಟು ನೋಡ್ಕೊಂಡು ಹೇಳ್ರಿ.”

ನೋಡಿಕೊಂಡೇ ಹೇಳಿದ್ದೆ. ಇವತ್ತು ಯಾರಾದರೂ ಅದೇ ಜಾಗ, ಅದೇ ಲೆಕ್ಕ ಮುಂದಿಟ್ಟರೆ ನನ್ನ ಬಾಯಲ್ಲಿ ಅದೇ ಮಾತು ಬರುತ್ತದೆ. ಆಕೆ ಮರ ಬಿಟ್ಟ ಮರುದಿನವೇ ಬಳೆ ಮಾರುವವನೊಬ್ಬ ಅಲ್ಲಿ ಚಾಪೆ ಹಾಸಿದ.

ಕ್ಯಾಂಪಿನ ಹೋಟೆಲಿನಲ್ಲಿ ಮೊದಲ ಚಹಾ ಕಾಸಿ ಹಲಗೆಯ ಮೇಲೆ ಕೂಡು ಎಂದಾಗ ನೀಲಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ಒಂದ್ ಸಲ ಕುಂತೀನಲ್ರಿ. ಹಿಂಗ ಹೋಟೆಲಿಗೊಮ್ಮೆ ಕುಂದ್ರಿಸಿದ್ರ ನಿಮ್ಮ ಪುಡಿ ಖಾಲಿ ಆದೀತು.” ಆದರೂ ಕೂತಳು. ಆಗ ನೀರು ಬರುತ್ತಿದ್ದದ್ದು ಪಕ್ಕದ ಊರಿನ ಸಂಗನಗೌಡರ ತೋಟದ ಬಾವಿಯಿಂದ. ಸವಳು ಬಾವಿ. ಆ ಊರಿಗೆ ಇದ್ದದ್ದೇ ಆ ನೀರು. ಅದರಲ್ಲಿ ನಮ್ಮ ಪುಡಿ ಬಿದ್ದರೆ ಕೆಂಪು ಇಟ್ಟಂಗಿಯ ಬಣ್ಣ, ಗಂಟಲಲ್ಲಿ ಒಂದು ಕಡಕ್ ಹಿಡಿತ, ಕೊನೆಗೆ ಉಪ್ಪಿನ ನೆರಳು ಸುಳಿದ ಹಾಗೆ ಏನೋ ಒಂದು. ಅಗೆಯುವ ಮಂದಿ ಒಂದು ಕುಡಿದು ಇನ್ನೊಂದಕ್ಕೆ ಕೈ ಚಾಚುತ್ತಿದ್ದರು. ಆ ಬೇಸಿಗೆಯಷ್ಟು ಪುಡಿ ನಾನು ಎಂದೂ ಬೆರೆಸಿರಲಿಲ್ಲ. ನೀಲಮ್ಮ ತಗಡು ತೆಗೆಸಿ ಕಲ್ಲಿನ ಗೋಡೆ ಕಟ್ಟಿಸಿದಳು. ಆಕೆಯ ಅಣ್ಣ ಬಂದು ಗೋಡೆಯನ್ನು ಕೈಯಿಂದ ತಟ್ಟಿ ನೋಡಿ, ಭಜಿ ತಿಂದು ಹೋದ.

ಮಳೆ ಕಡಿಮೆಯಾದ ಮೇಲೆ ಒಂದು ದಿನ ಮೇಲಿನ ಗೇಟು ತೆರೆದು ಪರೀಕ್ಷೆಗೆಂದು ನೀರು ಬಿಟ್ಟರು. ಒಣ ಕಾಲುವೆಯಲ್ಲಿ ಮೊದಲ ನೀರು ಬರುವುದನ್ನು ನೋಡಿದವರಿಗೇ ಗೊತ್ತು. ಅದು ಹರಿದು ಬರುವುದಿಲ್ಲ, ತಡವರಿಸುತ್ತ ಬರುತ್ತದೆ. ಮುಂದೆ ನೊರೆ, ಒಣ ಎಲೆ, ಸೆಗಣಿಯ ಉಂಡೆ, ಜೀವ ಉಳಿಸಿಕೊಳ್ಳಲು ಮೇಲೇರುವ ಚೇಳು ಜರಿಗಳು. ಅದರ ಮುಂದೆ ಮುಂದೆ ಊರಿನ ಮಂದಿ ಹಿಮ್ಮೊಗವಾಗಿ ನಡೆಯುತ್ತ ಬರುತ್ತಿದ್ದರು, ಹೊಸ ಸೊಸೆಯನ್ನು ಮನೆಗೆ ಕರೆತರುವ ಹಾಗೆ. ಒಬ್ಬ ಮುದುಕಿ ಬಗ್ಗಿ ಬೊಗಸೆ ತುಂಬಿಕೊಂಡು, ಮಣ್ಣು ಸಮೇತ ಕುಡಿದು, “ಸೀ ಅದ” ಎಂದಳು. ಹಿಂದಿದ್ದವರು ಆ ಮಾತನ್ನು ಹಿಂದಕ್ಕೆ ಹಿಂದಕ್ಕೆ ದಾಟಿಸಿದರು. ಸೀ ಅದ. ಸೀ ಅದಂತ. ನನಗೂ ಸಂತೋಷವಾಯಿತು. ನಾನೂ ಅದೇ ನೆಲದವನು.

ಕೆಲವು ದಿನಗಳಲ್ಲಿ ಗೊಣಗಾಟ ಶುರುವಾಯಿತು. ಕಾಲುವೆಯ ಮೇಸ್ತ್ರಿ ಅರ್ಧ ಕಪ್ಪು ಹಾಗೇ ಬಿಟ್ಟು ಎದ್ದು, “ನೀಲಮ್ಮಾ, ಪುಡಿ ಬದಲ ಮಾಡೀಯೇನು?” ಎಂದನಂತೆ. ಇನ್ನೊಬ್ಬ, “ಹೋಟೆಲ್ ದೊಡ್ಡದಾತು, ಚಾ ಸಣ್ಣದಾತು” ಎಂದನಂತೆ. ಸುದ್ದಿ ಬಂದ ಕೂಡಲೇ ನಾನು ಖಾಸಿಂ ಕಾಕಾನನ್ನು ಕರೆದುಕೊಂಡು ಹೋದೆ. ಕುಡಿದು ನೋಡಿದೆ. ಬಣ್ಣ ತೆಳ್ಳಗೆ ತೇಲುತ್ತಿತ್ತು, ರುಚಿಯಲ್ಲಿ ಬರೀ ಒಗರು, ನಾಲಿಗೆ ಒಣಗಿದ ಹಾಗೆ.

“ಬ್ಯಾರೆ ಪುಡಿ ಬೆರಸೀಯೇನವಾ?” ಎಂದೆ.

ನೀಲಮ್ಮ ಪುಡಿಯ ಡಬ್ಬಿ ತಂದು ನನ್ನ ಮೂಗಿಗೇ ಹಿಡಿದಳು. “ಮೂಸ್ರಿ. ನಿಮ್ಮ ಹಕ್ಕೀದ ಬಿಟ್ಟು ಮತ್ತೊಂದು ತಂದಿದ್ರ ಈ ಒಲಿ ಆಣಿ.”

“ಹಾಲು?”

“ಅದೇ ಎಮ್ಮಿ, ಅದೇ ಗೌಳಿ.”

ಕಾಕಾ ಕೊಡದಲ್ಲಿ ಇಣುಕಿ, “ನೀರು ಯಾವುದು ಬೇಟಿ?” ಎಂದರು.

ನೀಲಮ್ಮನ ಮುಖ ಅರಳಿತು. “ಕಾಲುವಿದು ಕಾಕಾ. ಸಕ್ಕರಿ ಹಂಗ ಅದ. ಇನ್ನ ಆ ಸವಳ ಬಾವೀಗಿ ಯಾರ್ ಹೋಗ್ತಾರ?”

ಕಾಕಾ ಗೌಡರ ಬಾವಿಯಿಂದ ಒಂದು ತಂಬಿಗೆ ತರಿಸಿ ಎರಡು ನೀರನ್ನೂ ಪಕ್ಕಪಕ್ಕದಲ್ಲಿ ಕುದಿಸಿದರು. ಅದೇ ಪುಡಿ, ಅದೇ ಹಾಲು, ಅದೇ ಸಕ್ಕರೆ. ಒಂದು ನಮ್ಮ ಚಹಾ. ಇನ್ನೊಂದು ಯಾರದೋ. ಮೂವರೂ ಎರಡು ಕಪ್ಪುಗಳನ್ನು ನೋಡುತ್ತ ಕೂತೆವು. ಇಷ್ಟು ವರ್ಷ ನಾವು ಹೊಗಳಿಸಿಕೊಂಡ ರುಚಿಯಲ್ಲಿ ಅರ್ಧ ಪಾಲು ಬಾವಿಯದಾಗಿತ್ತು. ಮೊದಲು ನಕ್ಕವಳು ನೀಲಮ್ಮ. “ಕಾಕಾನ ಕೂಡ ನೀರೂ ನಿಮ್ಮ ಪಾಲುದಾರ ಆಗಿತ್ತಲ್ರಿ ಅಣ್ಣಾರ, ನಿಮಗ ಹೇಳೇ ಇಲ್ಲ.”

ಕಾಕಾನ ಮಾತು ಸರಳವಾಗಿತ್ತು. “ನೀರು ಬದಲಾತು, ಪುಡಿ ಬದಲ್ಸೋಣು.”

ನಾನು ಒಪ್ಪಲಿಲ್ಲ. ಯಾಕೆಂದು ಹೇಳುತ್ತೇನೆ, ನೀವೂ ವ್ಯಾಪಾರ ಮಾಡುವವರಾಗಿದ್ದರೆ ಯೋಚಿಸಿ ನೋಡಿ. ಸುರಪುರ, ಕೆಂಭಾವಿ, ಹುಣಸಗಿ ಕಡೆಯ ನನ್ನ ಹೋಟೆಲುಗಳೆಲ್ಲ ಇನ್ನೂ ಸವಳು ಬಾವಿ ನೀರಿನ ಮೇಲೆಯೇ ಇದ್ದವು. ಒಂದು ಕ್ಯಾಂಪಿಗೆಂದು ಬೇರೆ ಪುಡಿ ಮಾಡಿದರೆ ಒಂದೇ ಹಕ್ಕಿಯ ಕೆಳಗೆ ಎರಡು ರುಚಿ. ಸುರಪುರದಲ್ಲಿ ಕುಡಿದವನು ಕ್ಯಾಂಪಿಗೆ ಬಂದು ಕುಡಿದರೆ ಅದೇ ಅನ್ನಬೇಕು, ಇಲ್ಲದಿದ್ದರೆ ಛಾಪು ಯಾಕೆ, ಗೋಡೆಯ ಮೇಲೆ ಬರೆಸುವುದು ಯಾಕೆ? ರುಚಿ ಬದಲಾಗಬಾರದು. ಪುಡಿ ಅಲ್ಲಿಗೆ ಹೋಗುತ್ತದೆಂದ ಮೇಲೆ ನೀರೂ ಹೋಗಲಿ. ನಾನು ಎತ್ತಿನ ಬಂಡಿಯವನ ಜೊತೆ ಚೌಕಾಸಿ ಮಾಡಿ, ದಿನಾ ಗೌಡರ ಬಾವಿಯಿಂದ ಪೀಪಾಯಿ ತುಂಬಿ ಹೋಟೆಲಿಗೆ ಹಾಕುವ ಹಾಗೆ ಮಾಡಿದೆ. ಮಂದಿ ಬಿಟ್ಟುಹೋದ ಬಾವಿಯ ನೀರಿಗೆ ಗೌಡರು ಹಣವೇನೂ ಕೇಳಲಿಲ್ಲ. “ಒಯ್ಯಿ, ಇನ್ನ ಅದನ್ನ ಯಾರ್ ಮೂಸ್ತಾರ” ಎಂದರು. ಆ ಮಾತಿನಲ್ಲೇ ಎಲ್ಲ ಇತ್ತು. ನಾನು ಅದರಲ್ಲಿ ಪುಕ್ಕಟೆ ಎಂಬುದನ್ನಷ್ಟೇ ಕೇಳಿಸಿಕೊಂಡೆ.

ನೀಲಮ್ಮ ಬಂಡಿ ಬಂದು ನಿಂತದ್ದನ್ನು ನೋಡಿ ಸೊಂಟದ ಮೇಲೆ ಕೈಯಿಟ್ಟಳು. “ಕಾಲುವಿ ದಂಡಿಗಿ ಕುಂತು ಸವಳ ನೀರು ಹೊರಸ್ಕೋಬೇಕೇನ್ರಿ? ಹೋಗೂ ಬರೂ ಮಂದಿ ಹುಚ್ಚಿ ಅಂತಾರ.”

“ಅನ್ಲಿ. ಕುಡದ ಮ್ಯಾಲ ಅನ್ನಂಗಿಲ್ಲ.”

ನಿಜಕ್ಕೂ ಅನ್ನಲಿಲ್ಲ. ಹಳೆಯ ರುಚಿ ಬಂದಿತು, ಮೇಸ್ತ್ರಿ ಬಂದ, ಅಗೆಯುವವರು ಬಂದರು. ನನಗೆ ಹುರುಪು ಬಂತು. ಮುಚ್ಚಿಡುವುದೇನಿದೆ, ಇದನ್ನೇ ಹೇಳಿಕೊಂಡರೆ ಹೇಗೆ ಎಂದು ಬಣ್ಣದವನನ್ನು ಕರೆಸಿ ಹೊಸ ಕಲ್ಲಿನ ಗೋಡೆಯ ಉದ್ದಕ್ಕೆ ಬರೆಸಿದೆ: ‘ನೀಲಮ್ಮನ ಹೋಟೆಲ್, ಹಳೇ ಬಾವಿ ನೀರಿನ ಅಸಲಿ ಚಹಾ’. ಪೀಪಾಯಿಗಳನ್ನು ಹಿಂದಿನಿಂದ ತಂದು ಮುಂದೆ ಸಾಲಾಗಿ ನಿಲ್ಲಿಸಿದೆ. ಬೇರೆ ಯಾರ ಬಳಿಯೂ ಇಲ್ಲದ್ದು ನಿನ್ನ ಬಳಿ ಇದ್ದರೆ ಅದನ್ನು ಕಣ್ಣಿಗೆ ಬೀಳುವ ಹಾಗೆ ಇಡು ಎಂದು ನಾನು ಈಗಲೂ ಹುಡುಗರಿಗೆ ಹೇಳುತ್ತೇನೆ. ಅದು ಸುಳ್ಳಲ್ಲ. ಆದರೆ ಬೇರೆಯವರು ಅದನ್ನು ಯಾಕೆ ಇಟ್ಟುಕೊಂಡಿಲ್ಲ ಎಂದು ಒಮ್ಮೆ ಕೇಳಿಕೊಳ್ಳಬೇಕು.

ಕೆಲಸ ಮುಗಿದಂತೆ ಕ್ಯಾಂಪು ಕರಗಿತು. ಡೇರೆಗಳನ್ನು ಸುತ್ತಿಕೊಂಡು ಅಗೆಯುವವರು ಮುಂದಿನ ಕಾಲುವೆಗೆ ಹೋದರು. ಇನ್ನು ಹೋಟೆಲಿಗೆ ಬರಬೇಕಾದವರು ಸುತ್ತಲಿನ ಊರಿನವರು. ಅವರನ್ನು ಹಿಡಿಯಲು ನನಗೊಂದು ದಿನ ಬೇಕಿತ್ತು, ಅದು ತಾನೇ ಬಂತು. ಸಂಗನಗೌಡರ ಊರಿನ ಹೊಲಗಾಲುವೆಗೆ ನೀರು ತಿರುಗಿಸುವ ದಿನ ಗಂಗಾಪೂಜೆ ಇಟ್ಟುಕೊಂಡರು. ಊರಿಗೆ ಊರೇ ಕಾಲುವೆಯ ದಂಡೆಗೆ ಬರುವುದಿತ್ತು. ನಾನು ಗೌಡರಿಗೆ ಹೇಳಿ ಕಳಿಸಿದೆ: ಅವತ್ತು ಎಲ್ಲರಿಗೂ ಚಹಾ ನನ್ನದು. ಇಡೀ ಊರನ್ನೇ ಹಲಗೆಯ ಮೇಲೆ ಕೂಡ್ರಿಸಿ ಮೊದಲ ಕಪ್ಪು ಕೊಡುವ ಯೋಜನೆ. ಅಂಥದ್ದೊಂದು ದಿನವನ್ನು ಮಂದಿ ಮೊಮ್ಮಕ್ಕಳಿಗೆ ಹೇಳುತ್ತಾರೆ ಎಂದುಕೊಂಡೆ. ಹೇಳಿದ್ದಾರೆ ಕೂಡ.

ಬೆಳಗ್ಗೆ ಹೊಸ ಬಿಸಿಲು. ಹೆಂಗಸರು ಕಾಲುವೆಗೆ ಹಸಿರು ಸೀರೆ, ಬಳೆ, ಅರಿಷಿಣ ಕುಂಕುಮ ಬಿಟ್ಟು ಉಡಿ ತುಂಬಿದರು. ತೂಬು ಎತ್ತಿದರು. ನೀರು ಹೊಲಗಾಲುವೆಗೆ ಇಳಿದು, ಬಿರುಕು ಬಿಟ್ಟ ಎರೆಹೊಲದೊಳಗೆ ಸದ್ದು ಮಾಡುತ್ತ ಮಾಯವಾಗುತ್ತಿತ್ತು. ಹತ್ತಿರದಲ್ಲೇ ಮೂರು ಕಲ್ಲಿನ ಮೇಲೆ ದೊಡ್ಡ ಹಂಡೆಯಲ್ಲಿ ನಮ್ಮ ಚಹಾ. ಖಾಸಿಂ ಕಾಕಾ ಹೊಸ ಟೋಪಿ ಹಾಕಿಕೊಂಡು ಬಂದಿದ್ದರು, ನೀಲಮ್ಮ ಮಡಿ ಸೀರೆ ಉಟ್ಟಿದ್ದಳು. ಪೂಜೆ ಮುಗಿದ ಮೇಲೆ ನಾನು ಸಂಗನಗೌಡರನ್ನು ಕರೆದು ಹಲಗೆಯ ಮೇಲೆ ಕೂಡ್ರಿಸಿದೆ. ಊರು ಸುತ್ತ ನಿಂತಿತು. ಕಪ್ಪು ಕೈಗೆ ಕೊಟ್ಟೆ.

ಗೌಡರು ಬಾಯಿಗೆ ತರುವ ಮೊದಲು ಮೂಗಿಗೆ ತಂದರು. ಆಮೇಲೆ ಹಂಡೆಯ ಪಕ್ಕದ ಪೀಪಾಯಿ ನೋಡಿದರು.

“ಇವತ್ತಿನ ನೀರು ಎಲ್ಲೀದು?”

“ನಿಮ್ಮ ಬಾವೀದ್ರಿ ಗೌಡ್ರ” ಎಂದೆ. ಹೆಮ್ಮೆಯಿಂದಲೇ ಎಂದೆ.

ಅವರು ಕಪ್ಪನ್ನು ಹಲಗೆಯ ಮೇಲೆ ಇಟ್ಟರು. ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ನಾನು ಮಾತಾಡಿ ಸರಿಮಾಡುತ್ತಿದ್ದೆ, ಸಿಟ್ಟಿನ ಗಿರಾಕಿ ನನಗೆ ಹೊಸಬನಲ್ಲ.

“ಶರಣಪ್ಪಾ, ನಮ್ಮೂರಾಗ ಮಂದೀನ ಹಲ್ಲು ನೋಡೀಯೇನು?” ಎಂದರು. “ಮೂವತ್ತು ದಾಟೂದ್ರಾಗ ಕಂದು ಆಗ್ತಾವ. ಸವಳ ನೀರಿನ ಊರು ಅಂತ ಯಾರೂ ಈ ಊರಿಗಿ ಹೆಣ್ಣು ಕೊಡ್ತಿದ್ದಿಲ್ಲ. ನಮ್ಮವ್ವ ಆ ಬಾವ್ಯಾಗಿನ ನೀರು ಸೇದಿ ಸೇದಿ ಬೆನ್ನು ಬಾಗಿಸ್ಕೊಂಡು ಹೋದ್ಳು. ಅದು ಇವತ್ತಿಗಿ ತೀರಿತು ಅಂತ ಗಂಗವ್ವಗ ಸೀರಿ ಉಡಿಸೀವಿ. ಆಕೀ ಮುಂದ ನನ್ನ ಕುಂದ್ರಿಸಿ, ಅದೇ ನೀರು ಮತ್ತ ನನ್ನ ಬಾಯಿಗಿ ಹಿಡಿತೀಯಲ್ಲ.”

ನಾನು, “ರುಚಿ ಸಲುವಾಗಿ ಗೌಡ್ರ, ಸೀ ನೀರಿಗಿ ಚಾ ಹತ್ತಂಗಿಲ್ಲ” ಎಂದೆ. ಆ ಮಾತು ಬಾಯಿಂದ ಬಿದ್ದ ಕೂಡಲೇ ಹಿಂದೆ ನಿಂತ ಹೆಂಗಸರಲ್ಲಿ ಯಾರೋ, “ಕಾಲುವಿ ನೀರು ಇವರಿಗಿ ಹತ್ತಂಗಿಲ್ಲಂತ ನೋಡವಾ, ಸವಳ ಹೋಟೆಲಿನವ್ರಿಗಿ” ಎಂದಳು. ನಗೆ ಎದ್ದಿತು. ದೊಡ್ಡ ನಗೆಯೇನಲ್ಲ. ಗೌಡರು ಎದ್ದರು, ಊರು ಅವರ ಹಿಂದೆ ಹೊಲದ ಕಡೆಗೆ ಹೋಯಿತು, ನೀರು ಎಲ್ಲಿವರೆಗೆ ಹೋಗಿದೆಯೆಂದು ನೋಡಲು. ಹಂಡೆ ಕುದಿಯುತ್ತಲೇ ಇತ್ತು. ಕಾಕಾ ಬಗ್ಗಿ ಕೊಳ್ಳಿಗಳನ್ನು ಹಿಂದಕ್ಕೆ ಎಳೆದರು.

ಮರುದಿನವೇ ಗೋಡೆಗೆ ಸುಣ್ಣ ಬಳಿಸಿದೆ. ಪೀಪಾಯಿ ಎತ್ತಿಸಿದೆ. ಕಾಕಾಗೆ, “ನೀವು ಅಂದಂಗ ಆಗ್ಲಿ, ಸೀ ನೀರಿಗಿ ಹೊಸ ಪುಡಿ ಮಾಡ್ರಿ” ಎಂದೆ. ಕಾಲುವೆಯ ನೀರನ್ನು ಕೊಡದಲ್ಲಿ ರಂಗಂಪೇಟೆಗೆ ತರಿಸಿ ಪಡಸಾಲೆಯಲ್ಲಿ ದಿನವಿಡೀ ಕುದಿಸಿದೆವು. ಧೂಳು ಕಡಿಮೆ ಮಾಡಿ ನೋಡಿದರು, ಘಮದ್ದು ಹೆಚ್ಚು ಹಾಕಿ ನೋಡಿದರು. ಪ್ರತಿ ಸಲ ಗುಟುಕು ತೆಗೆದುಕೊಂಡು ಕಣ್ಣು ಮುಚ್ಚುತ್ತಿದ್ದರು. ‘ಹೌ’ ಬರಲಿಲ್ಲ, ‘ನಕ್ಕೋ’ ಕೂಡ ಬರಲಿಲ್ಲ. ಕೊನೆಗೆ ಲೋಟ ಕೆಳಗಿಟ್ಟು ಗೋಡೆಗೆ ಒರಗಿದರು.

“ಬೇಟಾ, ಇದರಾಗ ನನಗ ಏನೂ ತಿಳಿಯಂಗಿಲ್ಲ. ಚಲೋ ಅದನೋ ಕೆಟ್ಟದನೋ. ಬರೀ ಬಿಸಿನೀರು ಕುಡದಂಗ ಆಗ್ತದ. ನನ್ನ ನಾಲಗಿ ಆ ಬಾವ್ಯಾಗ ಬಿದ್ದಾದ.”

ಆ ಸಂಜೆ ಅವರ ಮುಖ ನೋಡಲು ನನಗೆ ಆಗಲಿಲ್ಲ. ಕೈ ಕಾಲು ಹೋದ ಮನುಷ್ಯನಿಗೆ ಏನಾದರೂ ಕೆಲಸ ಹುಡುಕಿ ಕೊಡಬಹುದು, ನಾಲಿಗೆ ಹೋದವನಿಗೆ ಏನು ಕೊಡುವುದು? ನಾನೇ ಕುಡಿದು ನೋಡಿ ಒಂದು ಹದ ಮಾಡಿದೆ. ನನ್ನ ನಾಲಿಗೆಯೂ ಅದೇ ಊರಿನದು, ಹದ ಕೂಡಲಿಲ್ಲ.

ಅಷ್ಟರಲ್ಲಿ ದೊಡ್ಡ ಊರಿನ ಒಂದು ಕಂಪನಿಯ ಜೀಪು ರಸ್ತೆಯ ಉದ್ದಕ್ಕೂ ಬರಲು ಶುರುವಾಯಿತು. ಹೊಳೆಯುವ ಸಣ್ಣ ಪ್ಯಾಕೆಟ್ಟು, ಯಾವ ನೀರಿಗೂ ಹೊಂದುವ ಪುಡಿ, ಪುಕ್ಕಟೆ ತಗಡಿನ ಬೋರ್ಡು. ಬೋರ್ಡಿನಲ್ಲಿ ಕಂಪನಿಯ ಹೆಸರೇ ದೊಡ್ಡದು, ಹೋಟೆಲಿನವನದು ಕೆಳಗೆ, ಇರುವೆ ಸಾಲಿನ ಹಾಗೆ. ನೀಲಮ್ಮನಿಗೆ ನಾನೇ ಹೇಳಿದೆ: “ಅವರ ಪುಡಿ ತೊಗೋ. ನನ್ನ ಮಾರಿ ನೋಡಬ್ಯಾಡ.” ಆಕೆ ತೆಗೆದುಕೊಂಡಳು. ಕಾಲುವೆ ನೀರಿನಲ್ಲೇ ಕುದಿಸಿದಳು. ಚಹಾ ಚೆನ್ನಾಗಿಯೇ ಇತ್ತು. ಮಂದಿಯ ಕಣ್ಣೆದುರಿಗೆ ಹೋಗಿ ಕೊಡ ಮುಳುಗಿಸಿ ತಂದಳು. ಅದನ್ನು ನೋಡಿದವರು, “ಯಾಕವ್ವಾ ಇಷ್ಟು ತೋರಿಸ್ಕೊಂಡು ತರ್ತಿ? ಹಿಂದ ಪೀಪಾಯಿ ಅದ ಏನು?” ಎಂದು ಚೇಷ್ಟೆ ಮಾಡಿದರು. ರಸ್ತೆಯ ಆಚೆ ಬದಿಗೆ ಇನ್ನೊಬ್ಬ ಹೊಸ ಹೋಟೆಲು ತೆರೆದ. ಅವನದೂ ಅದೇ ಪುಡಿ, ಅದೇ ನೀರು. ಲಾರಿಗಳು ಅಲ್ಲಿ ನಿಂತವು. ಸವಳ ಹೋಟೆಲಿನ ಎದುರಿನ ಹೋಟೆಲು ಎಂದು ಅವನು ತನ್ನ ವಿಳಾಸ ಹೇಳುತ್ತಿದ್ದ.

ನಾನು ಏನೇನೋ ಮಾಡಿದೆ. ಹೋಟೆಲಿನ ಹೆಸರು ಬದಲಿಸಿ ದೇವರ ಹೆಸರು ಬರೆಸಿದೆ. ಭಜಿಯ ಜೊತೆ ಚಹಾ ಪುಕ್ಕಟೆ ಎಂದು ಬರೆಸಿದೆ. ಗೌಡರ ಮನೆಗೆ ಹೋಗಿ ಒಮ್ಮೆ ಬಂದು ಕೂತು ಹೋಗಿರೆಂದು ಕೇಳಿದೆ. ಒಳ್ಳೆಯ ಮನುಷ್ಯ, ಬಂದರು, ಕೂತರು, ಪೂರ್ತಿ ಕುಡಿದು, “ಚಲೋ ಅದವಾ” ಎಂದೂ ಅಂದರು. ಅವರು ಎದ್ದು ಹೋದ ಮೇಲೆ ಊರಿನವರು ಹೇಳಿದ್ದು, “ಗೌಡ್ರು ಸವಳ ಹೋಟೆಲಿಗಿ ಹೋಗಿದ್ರಂತ.”

ನೀಲಮ್ಮನ ಅಣ್ಣ ಬಂದ ದಿನ ನಾನೂ ಅಲ್ಲಿದ್ದೆ. ಈ ಸಲ ಅವನು ಮಂದಿಯ ಮಾತು ತೆಗೆಯಲಿಲ್ಲ, ಬಂಡಿ ತಂದಿದ್ದ. ಪಾತ್ರೆ, ಹಲಗೆ, ಒಲೆಯ ಕಬ್ಬಿಣ ಏರಿಸುವಾಗ ನಾನು ಕೈ ಹಚ್ಚಲು ಹೋದರೆ ನೀಲಮ್ಮ ಬೇಡವೆಂದಳು.

“ಸುರಪುರದಾಗ ಮತ್ತೊಂದು ಜಾಗ ನೋಡ್ತೀನಿ” ಎಂದೆ.

“ಬ್ಯಾಡ್ರಿ ಅಣ್ಣಾರ. ಸುರಪುರದಾಗೂ ಅದೇ ಹೆಸರು ಬಂದಾದ. ಸಂತ್ಯಾಗ ಒಬ್ಬಾಕಿ ನನ್ನ ಗುರುತು ಹಿಡದು, ನೀ ಸವಳ ನೀಲವ್ವ ಅಲ್ಲೇನು ಅಂದ್ಳು.” ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. “ಹೆಸರು ಮಂದೀನ ಬಾಯಾಗ ನಿಂದ್ರಬೇಕು ಅಂತಿದ್ರಿ. ನಿಂತ್ತು ನೋಡ್ರಿ. ಭಾಳ ಗಟ್ಟಿ ನಿಂತ್ತು.”

ಬಯ್ದು ಹೇಳಿದ ಮಾತಲ್ಲ ಅದು. ಬಯ್ದಿದ್ದರೆ ಚೆನ್ನಾಗಿತ್ತು. ಅಣ್ಣ, “ನಡೀ ನಡೀ, ಬಿಸಲೇರ್ತದ” ಎಂದ. ಬಂಡಿ ಕಡೇಚೂರಿಗೆ ಹೋಗಲು ಯಾದಗಿರಿಯ ದಾರಿ ಹಿಡಿಯಿತು. ಆಕೆ ಹಿಂದೆ ಕಾಲು ಇಳಿಬಿಟ್ಟು, ಕಾಲುವೆಯ ಕಡೆಗೆ ಬೆನ್ನು ಹಾಕಿ ಕೂತಿದ್ದಳು.

ಆಮೇಲಿನದು ನಿಧಾನವಾಗಿ ಆಯಿತು. ಕಾಲುವೆಯ ನೀರು ಒಂದೊಂದೇ ಊರಿಗೆ ನಳವಾಗಿ ಬಂತು. ಊರಿಗೆ ನಳ ಬಂತೆಂದರೆ ಅಲ್ಲಿ ಪಟಾಕಿ ಹಾರಿಸುತ್ತಿದ್ದರು, ನನಗೊಂದು ಹೋಟೆಲು ಹೋಗುತ್ತಿತ್ತು. ಕೆಂಭಾವಿ ಹೋಯಿತು, ಹುಣಸಗಿ ಹೋಯಿತು, ಒಂದು ದಿನ ಸುರಪುರವೂ ಹೋಯಿತು. ಎಲ್ಲರೂ ಸಂತೋಷಪಡುವ ಸುದ್ದಿಗೆ ಒಬ್ಬನೇ ದುಃಖಪಡುವುದನ್ನು ಯಾರಿಗೆ ಹೇಳಿಕೊಳ್ಳುವುದು? ಹೇಳಿಕೊಂಡರೆ ಗೌಡರು ಅಂದದ್ದನ್ನೇ ಎಲ್ಲರೂ ಅನ್ನುತ್ತಾರೆ, ಅನ್ನಲೂಬೇಕು. ನಾನೂ ನನ್ನ ಮನೆಗೆ ನಳ ಹಾಕಿಸಿದೆ. ಖಾಸಿಂ ಕಾಕಾ ಚಹಾ ಕುಡಿಯುವುದನ್ನೇ ಬಿಟ್ಟರು. ಯಾರಾದರೂ ಕೊಟ್ಟರೆ ಕೈಯಲ್ಲಿ ಹಿಡಿದುಕೊಂಡು, ಆರುವವರೆಗೆ ಮಾತಾಡಿ, ಇಟ್ಟು ಏಳುತ್ತಿದ್ದರು. ಹಳದಿ ಕಾಗದ ಉಳಿದದ್ದನ್ನು ಕಿರಾಣಿ ಅಂಗಡಿಗಳು ಒಯ್ದು ಶೇಂಗಾ ಕಟ್ಟಲು ಬಳಸಿದವು. ನಾನು ಪೈಪು ಮಾರಲು ಕೂತೆ.

ಮೊನ್ನೆ ಸುರಪುರದಿಂದ ಶಹಾಪುರಕ್ಕೆ ಬಸ್ಸಿನಲ್ಲಿ ಬರುತ್ತಿದ್ದೆ. ಎರಡೂ ಬದಿಗೆ ರಸ್ತೆಯ ಅಂಚಿನವರೆಗೆ ನೀರು ನಿಂತ ಭತ್ತದ ಗದ್ದೆ. ಕಾಲುವೆ ದಾಟುವಲ್ಲಿ ಬಸ್ಸು ನಿಧಾನವಾಯಿತು. ಅಲ್ಲಿ ಈಗ ಹೋಟೆಲಿಲ್ಲ, ಕಲ್ಲಿನ ಗೋಡೆಯೂ ಇಲ್ಲ. ಎದುರಿನವನದೂ ಇಲ್ಲ, ರಸ್ತೆ ಅಗಲ ಮಾಡುವಾಗ ಎಲ್ಲ ಹೋಯಿತು. ಒಂದು ತಗಡಿನ ನೆರಳು, ಅದರ ಕೆಳಗೆ ನಾಲ್ಕು ಜನ. ಮೀಸೆ ಇನ್ನೂ ಬಲಿಯದ ಕಂಡಕ್ಟರು ಬಾಗಿಲಲ್ಲಿ ಜೋತುಬಿದ್ದು ಕೂಗಿದ.

“ಯಾರ್ರಿ, ಸವಳ ಹೋಟೆಲ್, ಸವಳ ಹೋಟೆಲ್ ಇಳಿಯೋರು ಬರ್ರಿ.”

ನನ್ನ ಮುಂದೆ ಕೂತ ಹೆಣ್ಣುಮಗಳೊಬ್ಬಳು ಕಿಟಕಿಯಿಂದ ಇಣುಕಿ, “ಎಲ್ಲದಪಾ ಹೋಟೆಲ್? ನೀರರೆ ಕುಡಿಬಹುದಿತ್ತು” ಎಂದಳು.

“ಹೋಟೆಲ್ ಗೀಟೆಲ್ ಏನಿಲ್ಲಬೇ. ಸ್ಟಾಪಿನ ಹೆಸರದು, ಮೊದಲಿಂದ ಹಂಗೇ ಅದ” ಎಂದು ನನ್ನ ಕಡೆ ತಿರುಗಿದ. “ನೀವು ಇಲ್ಲೇ ಏನ್ರಿ ಯಜಮಾನ್ರ?”

“ಅಲ್ಲಪಾ” ಎಂದೆ. “ನಾ ಮುಂದ.”